ಮೂವತ್ತಕ್ಕೇ ನಿಲ್ಲಿಸಿದವನಿಗೆ 'ಪಾಪ' ಅನ್ನಬೇಕಾ?

ನಮ್ಮ ಭಾನುವಾರದ ಗುಂಪಿನ ಬಗ್ಗೆ ಇಲ್ಲಿ ಒಂದೆರಡು ಸಲ ಬರೆದಿದ್ದೇನೆ. ಮಾಟುಂಗಾದಲ್ಲಿ ಇಡ್ಲಿ, ಕಾಫಿ ಮುಗಿಸಿ, ಬಿಲ್ಲು ನಾನು ಕೊಡ್ತೀನಿ ಅನ್ನುವ ಜಗಳವನ್ನೂ ಮುಗಿಸಿ, ಆಮೇಲೆ ಫುಟ್‌ಪಾತಿನ ಮೇಲೇ ನಿಂತು ಮುಕ್ಕಾಲು ಗಂಟೆ ಹರಟುವ ಐದಾರು ಜನ ನಾವು. ಎಲ್ಲರೂ ಊರು ಬಿಟ್ಟು ಮೂವತ್ತು ನಲವತ್ತು ವರ್ಷ ದಾಟಿದವರು. ಮಾತು ಶುರುವಾಗುವುದು ಊರಲ್ಲಿ ಮಳೆ ಬಂತಾ ಅನ್ನುವುದರಿಂದ, ಮುಗಿಯುವುದು ಕ್ರಿಕೆಟ್ಟಿನಲ್ಲಿ. ಹೋದ ಭಾನುವಾರ ಮಾತ್ರ ನಾನು ಹಟ ಹಿಡಿದು ಅದನ್ನು ಬೇಸ್‌ಬಾಲಿಗೆ ಎಳೆದುಕೊಂಡು ಹೋದೆ.

ಸ್ಯಾಂಡಿ ಕೋಫ್ಯಾಕ್ಸ್ ಅನ್ನುವ ಎಡಗೈ ಪಿಚರ್ ಒಬ್ಬನ ಕಥೆ ಹೇಳಿದೆ. ಲಾಸ್ ಏಂಜಲೀಸ್ ಡಾಡ್ಜರ್ಸ್ ತಂಡದವನು. 1966ರಲ್ಲಿ ಒಂದೇ ಸೀಸನ್ನಿನಲ್ಲಿ 27 ಪಂದ್ಯ ಗೆದ್ದ, ಪಿಚರುಗಳಿಗೆ ಕೊಡುವ ಅತಿ ದೊಡ್ಡ ಪ್ರಶಸ್ತಿ ತಗೊಂಡ, ಅದೇ ನವೆಂಬರಿನಲ್ಲಿ, 31 ತುಂಬುವ ಮೊದಲೇ, ಇನ್ನು ಆಡೋದಿಲ್ಲ ಅಂತ ಹೇಳಿ ಎದ್ದು ಹೋದ. ಕೇಳಿದ ನಮ್ಮ ಗೆಳೆಯರೊಬ್ಬರು (ಬ್ಯಾಂಕಿನಿಂದ ನಿವೃತ್ತರಾದವರು, ಲೆಕ್ಕದ ಮನುಷ್ಯ) "ಅಯ್ಯೋ ಪಾಪ, ಮೂವತ್ತಕ್ಕೇ ಮುಗಿದುಹೋಯ್ತಾ!" ಅಂದರು.

ಆ 'ಪಾಪ' ನನ್ನ ಜೊತೆ ಲೋಕಲ್ ಹತ್ತಿ ಡೊಂಬಿವಲಿವರೆಗೂ ಬಂತು. ಯಾಕೋ ಒಪ್ಪಿಕೊಳ್ಳಲಿಕ್ಕೆ ಆಗಲಿಲ್ಲ. ಅಲ್ಲೇ ಹೇಳಬೇಕಿತ್ತು, ಹೊಳೆಯಲಿಲ್ಲ. ಅದಕ್ಕೇ ಇಲ್ಲಿ ಬರೀತಾ ಇದ್ದೀನಿ.

ಮೊದಲು ಬೇಸ್‌ಬಾಲ್ ಗೊತ್ತಿಲ್ಲದವರಿಗೆ ಎರಡು ಮಾತು. ನನಗೂ ಗೊತ್ತಿರಲಿಲ್ಲ. ಮಗ ಕ್ಯಾಲಿಫೋರ್ನಿಯಾಕ್ಕೆ ಹೋದ ಮೇಲೆ, ಅಲ್ಲಿಗೆ ಹೋದಾಗಲೆಲ್ಲ ಸಂಜೆ ಟಿವಿಯಲ್ಲಿ ಬೇರೇನೂ ಅರ್ಥ ಆಗದೆ ಇದನ್ನೇ ನೋಡಿ ನೋಡಿ ಹುಚ್ಚು ಹಿಡಿಸಿಕೊಂಡವನು ನಾನು. ಪಿಚರ್ ಅಂದರೆ ನಮ್ಮ ಬೌಲರ್ ಅಂದುಕೊಳ್ಳಿ. ಆದರೆ ಓಡಿ ಬರುವ ಹಾಗಿಲ್ಲ. ಒಂದು ಮಣ್ಣಿನ ದಿಬ್ಬದ ಮೇಲೆ ನಿಂತಲ್ಲಿಂದಲೇ ಎಸೆಯಬೇಕು. ಚೆಂಡು ನೆಲಕ್ಕೆ ಬೀಳುವ ಹಾಗಿಲ್ಲ, ಹಾಗಾಗಿ ಪಿಚ್ಚಿನ ಸಹಾಯ ಇಲ್ಲ. ದೂರ 60 ಅಡಿ 6 ಇಂಚು, ನಮ್ಮ ಕ್ರಿಕೆಟ್ಟಿನ 66 ಅಡಿಗಿಂತ ಸ್ವಲ್ಪ ಕಮ್ಮಿ. ಮೊಣಕೈ ಮಡಿಸಿ ಎಸೆಯಬಹುದು. ಬಹುದು ಏನು, ಮಡಿಸಲೇಬೇಕು. ಓಟದ ವೇಗ ಇಲ್ಲ, ಪಿಚ್ಚಿನ ತಿರುವು ಇಲ್ಲ ಅಂದಮೇಲೆ ಎಲ್ಲ ವೇಗವೂ ಎಲ್ಲ ತಿರುವೂ ಕಾಲು, ಸೊಂಟ, ಭುಜ ದಾಟಿ ಕೊನೆಗೆ ಮೊಣಕೈ ಮೂಲಕವೇ ಬರಬೇಕು. ಒಂದು ಪಂದ್ಯಕ್ಕೆ ನೂರಕ್ಕೂ ಮೇಲೆ ಎಸೆತ. ಆ ಕಾಲದಲ್ಲಿ ಮೂರು ದಿನ ಬಿಟ್ಟು ಮತ್ತೆ ಅಷ್ಟೇ. ಮನುಷ್ಯನ ಮೊಣಕೈಯನ್ನು ಮಾಡಿದವನು ಈ ಆಟವನ್ನು ಮನಸ್ಸಿನಲ್ಲಿ ಇಟ್ಟುಕೊಂಡಿರಲಿಲ್ಲ ಅಂತ ಕಾಣುತ್ತೆ.

ಕೋಫ್ಯಾಕ್ಸ್ ಹುಟ್ಟಿದ್ದು 1935ರ ಡಿಸೆಂಬರ್ 30ಕ್ಕೆ, ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ, ಯಹೂದಿ ಕುಟುಂಬದಲ್ಲಿ. ಹುಟ್ಟು ಹೆಸರು ಸ್ಯಾನ್‌ಫೋರ್ಡ್ ಬ್ರೌನ್, ಕೋಫ್ಯಾಕ್ಸ್ ಅನ್ನುವುದು ಮಲತಂದೆಯ ಹೆಸರು. ಹುಡುಗನಿಗೆ ಇಷ್ಟ ಇದ್ದದ್ದು ಬಾಸ್ಕೆಟ್‌ಬಾಲ್. ಸಿನ್ಸಿನಾಟಿ ವಿಶ್ವವಿದ್ಯಾಲಯಕ್ಕೆ ಹೋದದ್ದೂ ಅದೇ ಆಟದಿಂದ. ಆದರೆ ಆ ಎಡಗೈಯಿಂದ ಹೊರಡುತ್ತಿದ್ದ ಚೆಂಡಿನ ವೇಗ ನೋಡಿ ಬ್ರೂಕ್ಲಿನ್ ಡಾಡ್ಜರ್ಸ್ ತಂಡದವರು 1954ರ ಡಿಸೆಂಬರಿನಲ್ಲಿ 14,000 ಡಾಲರ್ ಬೋನಸ್ಸು ಕೊಟ್ಟು ಸಹಿ ಹಾಕಿಸಿಕೊಂಡರು.

ಆ ಬೋನಸ್ಸೇ ಮುಳುವಾಯಿತು. ಅಷ್ಟು ದೊಡ್ಡ ಬೋನಸ್ ಪಡೆದ ಹುಡುಗನನ್ನು ಎರಡು ವರ್ಷ ಕೆಳಗಿನ ದರ್ಜೆಯ ತಂಡಗಳಿಗೆ ಕಳಿಸುವ ಹಾಗಿಲ್ಲ ಅಂತ ಆಗಿನ ನಿಯಮ. ಅಂದರೆ ಎಸೆಯುವುದು ಹೇಗೆ ಅಂತ ಕಲಿಯಬೇಕಾದ ವಯಸ್ಸಿನಲ್ಲಿ ದೊಡ್ಡವರ ನಡುವೆ ಬೆಂಚಿನ ಮೇಲೆ ಕೂತಿರಬೇಕು. ಕೈಗೆ ಚೆಂಡು ಸಿಕ್ಕಿದಾಗ ಭಯಂಕರ ವೇಗ, ದಿಕ್ಕು ಮಾತ್ರ ದೇವರಿಗೇ ಪ್ರೀತಿ. ಮೊದಲ ಆರು ಸೀಸನ್ ಸೇರಿಸಿ ಆತ ಗೆದ್ದದ್ದು 36, ಸೋತದ್ದು 40. ನಡುವೆ 1958ರಲ್ಲಿ ತಂಡವೇ ಬ್ರೂಕ್ಲಿನ್ ಬಿಟ್ಟು ಲಾಸ್ ಏಂಜಲೀಸಿಗೆ ವಲಸೆ ಹೋಯಿತು. (ಊರು ಬಿಟ್ಟು ಹೋದ ತಂಡವನ್ನು ಬ್ರೂಕ್ಲಿನ್ನಿನ ಹಳಬರು ಕ್ಷಮಿಸಲೇ ಇಲ್ಲವಂತೆ. ನಮ್ಮ ಊರಿನವರೇ ವಾಸಿ, ವರ್ಷಕ್ಕೊಮ್ಮೆ ಹೋದರೆ ಊಟ ಹಾಕ್ತಾರೆ!) 1960ರ ಸೀಸನ್ ಮುಗಿದ ದಿನ ಆತ ತನ್ನ ಗ್ಲೌಸು, ಬೂಟು ಎಲ್ಲ ಕಸದ ಡಬ್ಬಿಗೆ ಎಸೆದು ಹೋದ. ಅವನ್ನು ಎತ್ತಿ ಜೋಪಾನವಾಗಿ ಇಟ್ಟವರು ಡ್ರೆಸ್ಸಿಂಗ್ ರೂಮು ನೋಡಿಕೊಳ್ಳುತ್ತಿದ್ದ ನೋಬೆ ಕವಾನೋ. ಬೇಕಾದರೆ ಇರಲಿ ಅಂತ.

1961ರ ವಸಂತದಲ್ಲಿ ಒಂದು ಅಭ್ಯಾಸ ಪಂದ್ಯ. ಕ್ಯಾಚರ್ ನಾರ್ಮ್ ಶೆರಿ ದಿಬ್ಬದ ಹತ್ತಿರ ಬಂದು, ಅಷ್ಟೊಂದು ಬಲ ಬಿಟ್ಟು ಎಸೀಬೇಡ, ಸ್ವಲ್ಪ ಹಗುರ ಮಾಡು, ಅವರು ಹೊಡೆದರೆ ಹೊಡೆಯಲಿ ಅಂದ. ಹಗುರ ಮಾಡಿದ. ಆ ದಿನ ಏಳು ಇನ್ನಿಂಗ್ಸ್‌ನಲ್ಲಿ ಒಬ್ಬನಿಗೂ ಹಿಟ್ ಸಿಗಲಿಲ್ಲ. ಬಲ ಕಮ್ಮಿ ಮಾಡಿದ ಮೇಲೆ ವೇಗ ಹೆಚ್ಚು ಕಂಡಿತಂತೆ! ಈ ಒಂದು ಪ್ರಸಂಗವನ್ನು ನಾನು ಎಷ್ಟು ಸಲ ಓದಿದ್ದೀನೋ ಲೆಕ್ಕ ಇಲ್ಲ.

ಅಲ್ಲಿಂದ ಮುಂದಿನದು ಅಂಕಿಗಳಲ್ಲೇ ಹೇಳಿಬಿಡ್ತೀನಿ, ಇಲ್ಲದಿದ್ದರೆ ಈ ಲೇಖನ ಮುಗಿಯೋದಿಲ್ಲ. 1962ರಿಂದ 1966, ಐದು ಸೀಸನ್. ಗೆದ್ದದ್ದು 111, ಸೋತದ್ದು 34. ಐದೂ ವರ್ಷ ತನ್ನ ಲೀಗಿನಲ್ಲಿ ಅತಿ ಕಡಿಮೆ ರನ್ ಸರಾಸರಿ ಇವನದೇ. ಎದುರು ತಂಡಕ್ಕೆ ಪೂರ್ತಿ ಪಂದ್ಯದಲ್ಲಿ ಒಂದೂ ಹಿಟ್ ಕೊಡದಿರುವುದಕ್ಕೆ ನೋ-ಹಿಟ್ಟರ್ ಅಂತಾರೆ. ಜೀವಮಾನದಲ್ಲಿ ಒಂದು ಮಾಡಿದವನನ್ನೇ ಜನ ನೆನಪಿಟ್ಟುಕೊಳ್ಳುತ್ತಾರೆ. ಈತ 1962, 63, 64, 65, ವರ್ಷಕ್ಕೊಂದರಂತೆ ನಾಲ್ಕು. 1963ರ ವರ್ಲ್ಡ್ ಸೀರೀಸಿನ ಮೊದಲ ಪಂದ್ಯದಲ್ಲಿ ನ್ಯೂಯಾರ್ಕ್ ಯಾಂಕೀಸ್‌ನಂಥ ಯಾಂಕೀಸ್ ಎದುರು 15 ಸ್ಟ್ರೈಕ್‌ಔಟ್. ಆ ವರ್ಷ 25 ಗೆದ್ದು 5 ಸೋತಿದ್ದ. ಯಾಂಕೀಸ್‌ನ ಯೋಗಿ ಬೆರಾ, ಇವನು 25 ಹೇಗೆ ಗೆದ್ದ ಅಂತ ಗೊತ್ತಾಯ್ತು, ಆ ಐದು ಹೇಗೆ ಸೋತ ಅನ್ನೋದೇ ಗೊತ್ತಾಗ್ತಿಲ್ಲ ಅಂದನಂತೆ. ಲೆಕ್ಕ ಹಾಕುವವರು ಇದಕ್ಕೂ ಒಂದು ತಕರಾರು ತೆಗೀತಾರೆ. ಆಗ ದಿಬ್ಬ ಎತ್ತರ ಇತ್ತು, 1969ರಲ್ಲಿ ಅದನ್ನು 15 ಇಂಚಿನಿಂದ 10 ಇಂಚಿಗೆ ಇಳಿಸಿದರು, ಡಾಡ್ಜರ್ಸ್ ಮೈದಾನವೂ ಪಿಚರುಗಳಿಗೆ ಅನುಕೂಲ, ಅಂತ. ಸರಿ, ಒಪ್ಪೋಣ. ಆದರೆ ಅದೇ ದಿಬ್ಬದ ಮೇಲೆ ಬೇರೆಯವರೂ ನಿಂತಿದ್ದರು ತಾನೆ?

1965ರ ಸೆಪ್ಟೆಂಬರ್ 9ರ ರಾತ್ರಿಯದು ಬೇರೆಯೇ ಮಾತು. ಶಿಕಾಗೊ ಕಬ್ಸ್ ಎದುರು ಪಂದ್ಯ. ಒಂಬತ್ತು ಇನ್ನಿಂಗ್ಸ್, ಇನ್ನಿಂಗ್ಸಿಗೆ ಮೂರು ಔಟ್, ಒಟ್ಟು 27. ಬಂದ 27 ಜನರೂ ಸಾಲಾಗಿ ಔಟ್. ಒಬ್ಬನೂ ಮೊದಲ ಬೇಸ್ ಮುಟ್ಟಲಿಲ್ಲ. ಅದಕ್ಕೆ ಪರ್ಫೆಕ್ಟ್ ಗೇಮ್ ಅಂತ ಹೆಸರು. ಕೊನೆಯ ಆರು ಜನರನ್ನು ಸ್ಟ್ರೈಕ್‌ಔಟ್ ಮಾಡಿದ, ಅಂದರೆ ಫೀಲ್ಡರುಗಳ ಸಹಾಯವೂ ಬೇಡ ಅನ್ನುವ ಹಾಗೆ. ಎಲ್ಲರೂ ಮರೆಯುವ ಒಂದು ವಿಷಯ ಹೇಳ್ತೀನಿ. ಆ ರಾತ್ರಿ ಎದುರಿಗೆ ಎಸೆಯುತ್ತಿದ್ದ ಬಾಬ್ ಹೆಂಡ್ಲಿ ಅನ್ನುವವನು ಕೊಟ್ಟದ್ದೂ ಒಂದೇ ಒಂದು ಹಿಟ್. ಡಾಡ್ಜರ್ಸ್ ಗೆದ್ದದ್ದು 1-0 ಅಂತರದಲ್ಲಿ, ಆ ಒಂದು ರನ್ನೂ ಹಿಟ್‌ನಿಂದ ಬಂದದ್ದಲ್ಲ, ಕ್ಯಾಚರ್ ತಪ್ಪಾಗಿ ಎಸೆದದ್ದರಿಂದ. ಜೀವನದ ಅತ್ಯುತ್ತಮ ಪಂದ್ಯ ಆಡಿ, ಬೇರೆಯವನ ಪರ್ಫೆಕ್ಟ್ ಗೇಮಿನ ಅಡಿಟಿಪ್ಪಣಿ ಆಗಿ ಉಳಿದ ಆ ಮನುಷ್ಯನಿಗೆ ಬೇಕಾದರೆ 'ಪಾಪ' ಅನ್ನಿ, ನನ್ನ ಅಭ್ಯಂತರ ಇಲ್ಲ.

ಅದೇ ವರ್ಷ ಅಕ್ಟೋಬರ್ 6ಕ್ಕೆ ಮಿನೆಸೋಟಾ ಟ್ವಿನ್ಸ್ ಎದುರು ವರ್ಲ್ಡ್ ಸೀರೀಸಿನ ಮೊದಲ ಪಂದ್ಯ. ಅವತ್ತು ಯಹೂದಿಗಳ ಯೋಮ್ ಕಿಪ್ಪುರ್, ಉಪವಾಸ ಮಾಡಿ ಪ್ರಾಯಶ್ಚಿತ್ತ ಕೇಳುವ ದಿನ. ಕೋಫ್ಯಾಕ್ಸ್ ಆಡೋದಿಲ್ಲ ಅಂದ. ಅಂಥ ದೊಡ್ಡ ಆಚಾರವಂತನೇನೂ ಅಲ್ಲ. ಆ ದಿನ ಪ್ರಾರ್ಥನೆಗೆ ಹೋಗಿದ್ದನೋ, ಹೋಟೆಲ್ ರೂಮಿನಲ್ಲೇ ಇದ್ದನೋ ಅಂತ ಜನ ಈಗಲೂ ವಾದ ಮಾಡ್ತಾರೆ. ಅವನ ಬದಲು ಡಾನ್ ಡ್ರೈಸ್ಡೇಲ್ ಎಸೆದ, ತಂಡ 8-2ರಲ್ಲಿ ಸೋತಿತು. ಮಾರನೆಯ ದಿನ ಕೋಫ್ಯಾಕ್ಸ್ ಎಸೆದ, ಅವನೂ ಸೋತ. (ಇದನ್ನು ಭಕ್ತರು ಹೇಳೋದಿಲ್ಲ!) ಆಮೇಲೆ ಐದನೆಯ ಪಂದ್ಯ ಗೆದ್ದ. ಬರೀ ಎರಡು ದಿನದ ವಿಶ್ರಾಂತಿಯ ಮೇಲೆ ಏಳನೆಯ ಪಂದ್ಯಕ್ಕೆ ಬಂದು, ತನ್ನ ಹೆಸರುವಾಸಿ ಕರ್ವ್‌ಬಾಲ್ ಆ ದಿನ ಕೈಗೆ ಹತ್ತದೆ ಇದ್ದರೂ ಬಹುಪಾಲು ಬರೀ ಫಾಸ್ಟ್‌ಬಾಲನ್ನೇ ಎಸೆದು, ಎದುರಾಳಿಗೆ ಒಂದೂ ರನ್ ಕೊಡದೆ 2-0 ಗೆಲ್ಲಿಸಿದ.

ಇಲ್ಲಿಯವರೆಗಿನ ಕಥೆ ಎಲ್ಲರಿಗೂ ಇಷ್ಟ. ನನಗೂ ಇಷ್ಟ. ಆದರೆ ಇದೆಲ್ಲ ನಡೆಯುತ್ತಿದ್ದಾಗ ಆ ಕೈ ಹೇಗಿತ್ತು ಅನ್ನುವುದನ್ನು ಪಕ್ಕದಲ್ಲೇ ಇಟ್ಟು ನೋಡಬೇಕು.

1964ರ ಆಗಸ್ಟಿನಲ್ಲಿ ಎರಡನೆಯ ಬೇಸಿಗೆ ವಾಪಸು ಧುಮುಕುವಾಗ ಎಡ ಮೊಣಕೈ ಮೇಲೆ ಬಿದ್ದ. ಆ ತಿಂಗಳಲ್ಲೇ ಅವನ ಆ ಸೀಸನ್ ಮುಗಿಯಿತು. ಡಾಕ್ಟರ್ ರಾಬರ್ಟ್ ಕರ್ಲನ್ ಎಕ್ಸ್-ರೇ ನೋಡಿ ಸಂಧಿವಾತ ಅಂದರು. ಕೀಲಿನ ಮೆತ್ತೆ ಸವೆದಿದೆ, ಇದು ಹಿಂದಕ್ಕೆ ಹೋಗುವ ಕಾಯಿಲೆ ಅಲ್ಲ, ಅಂತ. 1965ರ ವಸಂತದಲ್ಲಿ ಒಂದು ಅಭ್ಯಾಸ ಪಂದ್ಯ ಮುಗಿಸಿ ಮಲಗಿ ಬೆಳಿಗ್ಗೆ ಎದ್ದರೆ ಒಳಗೇ ರಕ್ತ ಸೋರಿ ಕೈ ಕಪ್ಪು-ನೀಲಿ. ಆ ಕೈಯಿಂದಲೇ ಆ ವರ್ಷ 335 ಇನ್ನಿಂಗ್ಸ್ ಎಸೆದ, 382 ಸ್ಟ್ರೈಕ್‌ಔಟ್ ಮಾಡಿದ, ಪರ್ಫೆಕ್ಟ್ ಗೇಮೂ ಆಡಿದ. ಹೇಗೆ? ಕೀಲಿನೊಳಕ್ಕೆ ಕಾರ್ಟಿಸೋನ್ ಇಂಜೆಕ್ಷನ್. ಊತ ಬಂದಾಗ ಸೂಜಿಯಲ್ಲಿ ನೀರು ತೆಗೆಯುವುದು. ಕೋಡೀನ್ ಮಾತ್ರೆ. ಬ್ಯುಟಾಜೋಲಿಡಿನ್ ಅಂತ ಒಂದು ಔಷಧಿ, ರೇಸಿನ ಕುದುರೆಗಳಿಗೆ ಕೊಡುತ್ತಿದ್ದದ್ದು. ಪಂದ್ಯದ ಮೊದಲು ಕ್ಯಾಪ್ಸೋಲಿನ್ ಅನ್ನುವ ಮುಲಾಮು, ಮಾಡಿದ್ದು ಮೆಣಸಿನಕಾಯಿ ಸತ್ತ್ವದಿಂದ. ಮೆಣಸಿನಕಾಯಿ ಹೆಚ್ಚಿದ ಕೈಯಲ್ಲಿ ಅಪ್ಪಿತಪ್ಪಿ ಕಣ್ಣು ಮುಟ್ಟಿಕೊಂಡವರಿಗೆ ಗೊತ್ತು. ಅದನ್ನು ಭುಜ, ಕೈಗೆಲ್ಲ ಬಳಿದುಕೊಂಡು, ಒಂದು ಉರಿಯಿಂದ ಇನ್ನೊಂದು ನೋವನ್ನು ಮುಚ್ಚಿ ಮೈದಾನಕ್ಕೆ ಇಳಿಯುವುದು. ಪಂದ್ಯ ಮುಗಿದ ಮೇಲೆ ಮೊಣಕೈಯನ್ನು ಮಂಜುಗಡ್ಡೆ ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಕೂರುವುದು.

ಕೊನೆಕೊನೆಗೆ ಆ ಕೈ ಪೂರ್ತಿ ನೀಟಾಗುತ್ತಿರಲಿಲ್ಲ. ಮಡಿಚಿಕೊಂಡು ಗಿಡ್ಡವಾಗಿತ್ತು, ಕೋಟಿನ ಎಡ ತೋಳನ್ನು ದರ್ಜಿ ಹತ್ತಿರ ಚಿಕ್ಕದು ಮಾಡಿಸಿಕೊಂಡಿದ್ದನಂತೆ. ಎಲ್ಲ ಅಂಕಿಗಳನ್ನೂ ಮರೆತರೂ ಈ ಕೋಟಿನ ತೋಳು ನನಗೆ ಮರೆಯೋದಿಲ್ಲ.

ಇಂಥ ಕೈ ಯಾರದು? ಹುಚ್ಚು ಪ್ರಶ್ನೆ ಅನ್ನಿಸಬಹುದು. ಆದರೆ ಆ ಕಾಲದ ಬೇಸ್‌ಬಾಲ್ ಒಪ್ಪಂದದಲ್ಲಿ ಒಂದು ಷರತ್ತು ಇರುತ್ತಿತ್ತು. ಒಂದು ಸಲ ಸಹಿ ಹಾಕಿದರೆ ಆಟಗಾರ ಆ ಕ್ಲಬ್ಬಿನ ಸೊತ್ತು. ವರ್ಷ ಮುಗಿದ ಮೇಲೂ ಬೇರೆ ತಂಡದ ಜೊತೆ ಮಾತಾಡುವ ಹಾಗಿಲ್ಲ. ಕ್ಲಬ್ಬು ಬೇಕಾದರೆ ಮಾರಬಹುದು, ಆಟಗಾರ ಬೇಕಾದರೆ ಮನೆಗೆ ಹೋಗಬಹುದು. ಆ ಷರತ್ತು ಮುರಿದು ಬಿದ್ದದ್ದು 1975ರ ಡಿಸೆಂಬರಿನಲ್ಲಿ. 1966ರ ಶುರುವಿನಲ್ಲಿ ಕೋಫ್ಯಾಕ್ಸ್, ಡ್ರೈಸ್ಡೇಲ್ ಇಬ್ಬರೂ ಒಟ್ಟಾಗಿ, ಇಬ್ಬರಿಗೂ ಸೇರಿ ಮೂರು ವರ್ಷಕ್ಕೆ 10 ಲಕ್ಷ ಡಾಲರ್ ಕೊಟ್ಟರೆ ಮಾತ್ರ ಆಡ್ತೀವಿ ಅಂತ ಕೂತರು. ಕ್ಲಬ್ಬಿನವರೂ, ಬಹಳ ಜನ ಪತ್ರಿಕೆಯವರೂ ಇದೇನು ದುರಾಸೆ ಅಂದರು. ಕ್ರೀಡಾಂಗಣ ತುಂಬಿಸುತ್ತಿದ್ದದ್ದು ಇವರಿಬ್ಬರು, ದುರಾಸೆ ಇವರದ್ದಂತೆ! 32 ದಿನ ಹಟ ಹಿಡಿದು ಕೊನೆಗೆ ಕೋಫ್ಯಾಕ್ಸ್ 1,25,000ಕ್ಕೆ, ಡ್ರೈಸ್ಡೇಲ್ 1,10,000ಕ್ಕೆ ಒಂದೊಂದು ವರ್ಷದ ಸಹಿ ಹಾಕಿದರು.

ಅಂದರೆ ಈತ ಸನ್ಯಾಸಿ ಅಲ್ಲ. ತನ್ನ ಕೈಯ ಬೆಲೆ ಚೆನ್ನಾಗಿ ಗೊತ್ತಿದ್ದವನು. ಅದಕ್ಕೇ ನನಗೆ ಆಮೇಲಿನದು ಮುಖ್ಯ ಅನ್ನಿಸುವುದು. 1966ರಲ್ಲಿ 323 ಇನ್ನಿಂಗ್ಸ್, 27 ಗೆಲುವು, 317 ಸ್ಟ್ರೈಕ್‌ಔಟ್, ಸರಾಸರಿ 1.73. ಜೀವನದ ಅತಿ ಒಳ್ಳೆಯ ವರ್ಷಗಳಲ್ಲಿ ಒಂದು. ಅಕ್ಟೋಬರ್ 2ಕ್ಕೆ ಫಿಲಡೆಲ್ಫಿಯಾದಲ್ಲಿ ಮತ್ತೆ ಎರಡೇ ದಿನದ ವಿಶ್ರಾಂತಿಯ ಮೇಲೆ ಎಸೆದು ತಂಡವನ್ನು ವರ್ಲ್ಡ್ ಸೀರೀಸಿಗೆ ತಲುಪಿಸಿದ. ಅಕ್ಟೋಬರ್ 6ಕ್ಕೆ ಬಾಲ್ಟಿಮೋರ್ ಎದುರು, ಹಿಂದೆ ನಿಂತ ಫೀಲ್ಡರ್ ವಿಲ್ಲಿ ಡೇವಿಸ್ ಒಂದೇ ಇನ್ನಿಂಗ್ಸಿನಲ್ಲಿ ಮೂರು ತಪ್ಪು ಮಾಡಿ, ಪಂದ್ಯ ಸೋತಿತು. ಅದೇ ಕೊನೆಯ ಪಂದ್ಯ. ನವೆಂಬರ್ 18ಕ್ಕೆ ಬೆವರ್ಲಿ ಹಿಲ್ಸಿನ ಹೋಟೆಲೊಂದರಲ್ಲಿ ಪತ್ರಕರ್ತರನ್ನು ಕರೆದು ಹೇಳಿದ. ಬೇಸ್‌ಬಾಲ್ ಮುಗಿದ ಮೇಲೂ ನಾನು ಬಹಳ ವರ್ಷ ಬದುಕಬೇಕು, ಆ ವರ್ಷಗಳನ್ನು ಪೂರ್ತಿ ದೇಹ ಉಪಯೋಗಿಸಿಕೊಂಡೇ ಬದುಕಬೇಕು ಅಂತ ಆಸೆ, ಅನ್ನುವ ಅರ್ಥದ ಮಾತು. ಕಣ್ಣೀರು ಹಾಕಲಿಲ್ಲ. ಇದು ಆ ಕ್ಷಣದ ಸಿಟ್ಟೂ ಅಲ್ಲ. ಫಿಲ್ ಕೊಲಿಯರ್ ಅನ್ನುವ ಪತ್ರಕರ್ತನಿಗೆ ಒಂದು ವರ್ಷ ಮೊದಲೇ, 1966 ನನ್ನ ಕೊನೆಯ ವರ್ಷ ಅಂತ ಹೇಳಿಟ್ಟಿದ್ದ. ಆ ಪುಣ್ಯಾತ್ಮ ಅಷ್ಟು ದೊಡ್ಡ ಸುದ್ದಿಯನ್ನು ಹೊಟ್ಟೆಯಲ್ಲೇ ಇಟ್ಟುಕೊಂಡಿದ್ದ. ಈಗಿನ ಟಿವಿ ಚಾನೆಲ್ಲಿನವರಿಗೆ ಇದನ್ನು ನಂಬಲಿಕ್ಕೂ ಆಗಲಿಕ್ಕಿಲ್ಲ.

ಹೀಗಿರುವಾಗ 'ಪಾಪ' ಎಲ್ಲಿಂದ ಬಂತು?

ನಮ್ಮ ಬ್ಯಾಂಕಿನ ಗೆಳೆಯರದ್ದೊಂದೇ ಅಲ್ಲ, ಅಮೆರಿಕದಲ್ಲೂ ಈ ಕಥೆಯನ್ನು ದುರಂತದ ಹಾಗೇ ಹೇಳುವವರು ಬಹಳ. ಇನ್ನು ಹತ್ತು ವರ್ಷ ಆಡಿದ್ದರೆ ಎಷ್ಟಾಗುತ್ತಿತ್ತು ಅಂತ. ಅದಕ್ಕೊಂದು ನಿಜವಾದ ಚುಚ್ಚು ಕೂಡ ಇದೆ. ಕರ್ಲನ್ ಅವರ ಪಾಲುದಾರ ಡಾಕ್ಟರ್ ಫ್ರಾಂಕ್ ಜೋಬ್ 1974ರ ಸೆಪ್ಟೆಂಬರಿನಲ್ಲಿ ಅದೇ ಡಾಡ್ಜರ್ಸ್ ತಂಡದ ಟಾಮಿ ಜಾನ್ ಅನ್ನುವ ಎಡಗೈ ಪಿಚರ್‌ಗೆ, ಇನ್ನೊಂದು ಕೈಯಿಂದ ಸ್ನಾಯುರಜ್ಜು ತೆಗೆದು ಮೊಣಕೈಗೆ ಹೊಲಿದು ಹೊಸ ಕೈ ಮಾಡಿಕೊಟ್ಟರು. ಆ ಟಾಮಿ ಜಾನ್ 1989ರವರೆಗೆ, 46ನೇ ವಯಸ್ಸಿನವರೆಗೆ ಆಡಿದ. ಎಂಟು ವರ್ಷ ಮೊದಲು ಅದೇ ಊರಿನಲ್ಲಿ ಕೋಫ್ಯಾಕ್ಸ್ ಬಿಟ್ಟು ಹೋಗಿದ್ದ. ಹರಿದ ರಜ್ಜುವಿಗೆ ಮಾಡುವ ಆ ಆಪರೇಷನ್ನು ಸವೆದ ಕೀಲಿಗೆ ಆಗುತ್ತಿತ್ತಾ ಅನ್ನುವುದು ಬೇರೆ ಮಾತು. ಅದಿರಲಿ, ಎಂಟು ವರ್ಷ ಆಮೇಲೆ ಸಿಗಬಹುದಾದ ಔಷಧಿಗಾಗಿ ಇವತ್ತು ಕೈ ಕಳಕೊಳ್ಳಿ ಅಂತ ಯಾರಿಗಾದರೂ ಹೇಳಲಿಕ್ಕಾಗುತ್ತಾ?

ಎಷ್ಟಾಗುತ್ತಿತ್ತು ಅಂತ ಕೇಳುವವರು ಕೇಳುತ್ತಿರುವುದು ತಮಗೆ ಎಷ್ಟು ಸಿಗುತ್ತಿತ್ತು ಅಂತ. ಪ್ರೇಕ್ಷಕರ ಲೆಕ್ಕ ಅದು. ನೋವು ಅವರಿಗೆ ಇಲ್ಲವಲ್ಲ.

ನಾನೂ ಅಂಥ ಪ್ರೇಕ್ಷಕನೇ, ಸುಳ್ಳು ಯಾಕೆ ಹೇಳಲಿ. 2002ರ ಮೇ ತಿಂಗಳು, ಆಂಟಿಗಾ. ಮರ್ವಿನ್ ಡಿಲ್ಲನ್ ಎಸೆತ ಬಡಿದು ದವಡೆ ಮುರಿದಿದ್ದ ನಮ್ಮ ಅನಿಲ್ ಕುಂಬ್ಳೆ ಮುಖಕ್ಕೆ ಬ್ಯಾಂಡೇಜು ಸುತ್ತಿಕೊಂಡು ಬಂದು 14 ಓವರ್ ಹಾಕಿ ಲಾರಾನನ್ನು ಎಲ್‌ಬಿ ಮಾಡಿದ್ದು ಯಾವ ಕನ್ನಡಿಗನಿಗೆ ಮರೆತಿದೆ? ಮಧ್ಯರಾತ್ರಿ ಚಾಳಿನ ಟಿವಿ ಮುಂದೆ ಎದ್ದು ನಿಂತು ಚಪ್ಪಾಳೆ ತಟ್ಟಿದವನು ನಾನು. ಪಕ್ಕದ ಮನೆಯ ಮರಾಠಿಯವರಿಗೆ, ನೋಡಿ, ನಮ್ಮೂರಿನವನು ಅಂತ ಹೇಳಿ ಎದೆ ಉಬ್ಬಿಸಿದವನು. ಅದು ದೊಡ್ಡ ಗುಂಡಿಗೆಯೇ, ಅನುಮಾನ ಇಲ್ಲ. ಆದರೆ ಅದು ಒಂದು ದಿನದ್ದು. ಮಾರನೆಯ ದಿನ ಆತ ಬೆಂಗಳೂರಿಗೆ ವಿಮಾನ ಹತ್ತಿದರು ಆಪರೇಷನ್ನಿಗೆ. ನಾವು ಆ ಒಂದು ದಿನವನ್ನು ಚೌಕಟ್ಟು ಹಾಕಿಸಿ ಗೋಡೆಗೆ ತೂಗಿದೆವು, ಮಾರನೆಯ ದಿನದ ವಿಮಾನ ನಮ್ಮ ನೆನಪಿನಲ್ಲಿ ಇಲ್ಲ. ಶಾಲೆಯಲ್ಲಿ, ಆಫೀಸಿನಲ್ಲಿ, ಮದುವೆ ಮನೆಯಲ್ಲಿ ನಾವು ಹೊಗಳುವುದೆಲ್ಲ ನೋವು ತಿಂದವರನ್ನು. ಜ್ವರ ಬಂದರೂ ಒಂದು ದಿನ ರಜ ಹಾಕಲಿಲ್ಲ, ಅಂತ. ಡಾಕ್ಟರ್ ಹೇಳಿದರು, ನಿಲ್ಲಿಸಿದೆ ಅನ್ನುವವನಿಗೆ ಶಾಲು ಹೊದಿಸಿದ್ದನ್ನು ನಾನಂತೂ ನೋಡಿಲ್ಲ.

ನೀವು ಹೇಳಬಹುದು, ನಿಲ್ಲಿಸಲಿಕ್ಕೆ ಅವನಿಗೆ ಆಗುತ್ತಿತ್ತು, ನಿಲ್ಲಿಸಿದ, ಅಂತ. ಈ ಮಾತಿಗೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. ಆಗ ಆತನಿಗೆ ಹೆಂಡತಿ ಮಕ್ಕಳಿಲ್ಲ. ಬಿಟ್ಟ ಮುಂದಿನ ತಿಂಗಳೇ ಎನ್‌ಬಿಸಿ ಟಿವಿಯವರು ಹತ್ತು ವರ್ಷಕ್ಕೆ 10 ಲಕ್ಷ ಡಾಲರಿನ ಕೆಲಸ ಕೊಟ್ಟರು. (ಅದೂ ಹಿಡಿಸಲಿಲ್ಲ, ಆರು ವರ್ಷಕ್ಕೆ ಅದನ್ನೂ ಬಿಟ್ಟ. ಬಿಡುವುದರಲ್ಲಿ ಗಟ್ಟಿಗ!) ನೋವಿದ್ದರೂ ಆಡಲೇಬೇಕಾದವರು, ಅಂದರೆ ನಮ್ಮಲ್ಲಿ ಮುಕ್ಕಾಲು ಜನ, ಕೋಫ್ಯಾಕ್ಸ್ ಹಾಗೆ ಹೋಟೆಲಿಗೆ ಪತ್ರಕರ್ತರನ್ನು ಕರೆಯಲಿಕ್ಕಾಗೋದಿಲ್ಲ.

ನನ್ನದೇ ಹೇಳ್ತೀನಿ. ಇಲ್ಲಿಗೆ ಬಂದು ಒಂದು ಕಂಪನಿಯಲ್ಲಿ ಡ್ರಾಫ್ಟ್ಸ್‌ಮನ್ ಆಗಿ ಸೇರಿದೆ. ನಿಂತು, ಬಲಗೈ ಎತ್ತಿ, ದಿನಕ್ಕೆ ಎಂಟು ಗಂಟೆ ದೊಡ್ಡ ಬೋರ್ಡಿನ ಮೇಲೆ ಗೆರೆ ಎಳೆಯುವ ಕೆಲಸ. ಆಮೇಲೆ ಅದೇ ಬಲಗೈಯಲ್ಲಿ ಲೋಕಲ್ಲಿನ ಹಿಡಿಕೆ ಹಿಡಿದು ಹೋಗುತ್ತಾ ಬರುತ್ತಾ ಎರಡೂವರೆ ಗಂಟೆ ತೂಗಾಡುವುದು. ಬೋರ್ಡು ಹೋಗಿ ಕಂಪ್ಯೂಟರ್ ಬಂತು, ಕೈ ಬದಲಾಗಲಿಲ್ಲ. 2009ರಲ್ಲಿ ಡಾಕ್ಟರು ಭುಜದ ಒಳಗಿನ ಸ್ನಾಯು ಹರೀತಾ ಇದೆ, ಈ ಕೆಲಸ ಬಿಡಿ ಅಂದರು. ಮನೆ ಸಾಲ ಇತ್ತು, ಮಗಳ ಮದುವೆ ಇತ್ತು. ಬಿಡಲಿಲ್ಲ. ಅದಕ್ಕೆ ನನಗೆ ಪಶ್ಚಾತ್ತಾಪ ಇಲ್ಲ, ಮತ್ತೆ ಅದೇ ಪರಿಸ್ಥಿತಿ ಬಂದರೆ ಮತ್ತೆ ಅದನ್ನೇ ಮಾಡ್ತೀನಿ.

ಆದರೆ 2013ಕ್ಕೆ ಸಾಲ ತೀರಿತ್ತು, ಮದುವೆಯೂ ಆಗಿತ್ತು. ಮಗ ದುಡಿಯುತ್ತಿದ್ದ. ಆಮೇಲೂ ಐದು ವರ್ಷ ಹೋದೆ. ಯಾಕೆ ಅಂತ ಯಾರಿಗೂ ಹೇಳಿರಲಿಲ್ಲ, ಇಲ್ಲಿ ಬರೀತೀನಿ. ರಾಜೀನಾಮೆ ಬರೆದುಕೊಂಡು ಹೋದ ದಿನ ಮೇಲಿನವರು, ನೀವಿಲ್ಲದೆ ಇಲ್ಲಿ ಆಗೋದಿಲ್ಲ ಅಂದರು. ಅಷ್ಟೇ. ಸಂಬಳ ಹೆಚ್ಚು ಮಾಡಲಿಲ್ಲ, ಏನೂ ಇಲ್ಲ. ಆ ಒಂದು ವಾಕ್ಯಕ್ಕೆ ಕಾಗದವನ್ನು ಜೇಬಿಗೆ ಹಾಕಿಕೊಂಡು ವಾಪಸು ಬಂದೆ. ಒಂಬತ್ತನೇ ತರಗತಿಯಿಂದ ಆ ಮಾತಿಗೆ ಕಾದಿದ್ದೆನೋ ಏನೋ. ದಿನಾ ಬೆಳಿಗ್ಗೆ ಮುಲಾಮು ಹಚ್ಚಿಕೊಂಡು (ಅದರಲ್ಲೂ ಮೆಣಸಿನಕಾಯಿ ಸತ್ತ್ವ ಇದೆ, ಡಬ್ಬಿ ಮೇಲೆ ಬರೆದಿರ್ತಾರೆ) ಗಾಡಿ ಹತ್ತಿದೆ. 2018ರಲ್ಲಿ ವಯಸ್ಸಾಯಿತು ಅಂತ ಅವರೇ ಕಳಿಸಿಕೊಟ್ಟರು. ನಾನಿಲ್ಲದೆ ಚೆನ್ನಾಗಿಯೇ ನಡೆಯಿತು. ಈಗ ಬಲಗೈ ಭುಜದ ಮಟ್ಟಕ್ಕಿಂತ ಮೇಲೆ ಏಳೋದಿಲ್ಲ. ಅಂಗಿ ಹಾಕಿಕೊಳ್ಳುವಾಗ ಮೊದಲು ಈ ಕೈ, ಆಮೇಲೆ ಆ ಕೈ.

27 ಪಂದ್ಯ ಗೆದ್ದ ವರ್ಷದ ಕೊನೆಯಲ್ಲಿ, ಇಡೀ ದೇಶವೇ ನೀನಿಲ್ಲದೆ ಆಗೋದಿಲ್ಲ ಅನ್ನುತ್ತಿದ್ದಾಗ ಅದನ್ನು ಕೇಳಿಸಿಕೊಂಡೂ ಎದ್ದು ಹೋಗುವುದು ಎಷ್ಟು ಕಷ್ಟ ಅಂತ ನನಗೆ ಅಂದಾಜಿದೆ, ಒಬ್ಬ ಮೇಲಧಿಕಾರಿ ಅಂದದ್ದಕ್ಕೇ ನಾನು ಕರಗಿ ಹೋದವನು. ಯೋಮ್ ಕಿಪ್ಪುರ್ ದಿನ ಆಡಲಿಲ್ಲ ಅನ್ನುವುದನ್ನು ಎಲ್ಲರೂ ದೊಡ್ಡದಾಗಿ ಹೇಳ್ತಾರೆ. ನನಗೆ 1966ರ ನವೆಂಬರ್ 18 ಅದಕ್ಕಿಂತ ದೊಡ್ಡದು. ಅದು ದೇವರಿಗಾಗಿ ಒಂದು ದಿನ ಬಿಟ್ಟದ್ದು, ಹಿಂದೆ ಒಂದು ಸಮುದಾಯ ನಿಂತಿತ್ತು. ಇದು ತನ್ನ ಕೈಗಾಗಿ ಬಿಟ್ಟದ್ದು, ಹಿಂದೆ ಯಾರೂ ಇರಲಿಲ್ಲ.

ನೋಲನ್ ರಯನ್ ಅನ್ನುವ ಇನ್ನೊಬ್ಬ ಮಹಾ ಪಿಚರ್ ಇದ್ದಾನೆ. ಕೋಫ್ಯಾಕ್ಸ್ ತನ್ನ ಕೊನೆಯ ಸೀಸನ್ ಆಡುತ್ತಿದ್ದ 1966ರ ಸೆಪ್ಟೆಂಬರಿನಲ್ಲೇ ಕಾಲಿಟ್ಟವನು, 1993ರವರೆಗೆ ಆಡಿದ. ಇವನ 382ರ ದಾಖಲೆಯನ್ನು 1973ರಲ್ಲಿ 383 ಮಾಡಿ ಮುರಿದ. ಅವನ ಕೈ ತಡೆಯಿತು, ಆಡಿದ, ಸಂತೋಷ. ಕೊನೆಗೆ 46ನೇ ವಯಸ್ಸಿನಲ್ಲಿ ಎಸೆಯುತ್ತಿರುವಾಗಲೇ ಮೊಣಕೈಯ ರಜ್ಜು ಹರಿದು ನಿಂತ. ಇಬ್ಬರಲ್ಲಿ ಯಾರು ದೊಡ್ಡವರು ಅಂತ ಕೇಳಿದರೆ ನಾನು ಹೇಳೋದಿಲ್ಲ. ಇಬ್ಬರಲ್ಲಿ ಒಬ್ಬರಿಗೂ ಪಾಪ ಅನ್ನಬೇಕಾಗಿಲ್ಲ ಅಂತ ಮಾತ್ರ ಹೇಳ್ತೀನಿ.

ಕೋಫ್ಯಾಕ್ಸನಿಗೆ 1972ರಲ್ಲಿ, 36ನೇ ವಯಸ್ಸಿಗೇ ಹಾಲ್ ಆಫ್ ಫೇಮ್ ಗೌರವ ಸಿಕ್ಕಿತು. ಅಷ್ಟು ಚಿಕ್ಕ ವಯಸ್ಸಿಗೆ ಅಲ್ಲಿಯವರೆಗೆ ಯಾರಿಗೂ ಆಯ್ಕೆ ಸಿಕ್ಕಿರಲಿಲ್ಲ. ಕೆಲವು ಕಾಲ ಮೇಯ್ನ್ ರಾಜ್ಯದ ಹಳ್ಳಿಯೊಂದರಲ್ಲಿ ಇದ್ದ. ಡಾಡ್ಜರ್ಸ್‌ನ ಕೆಳ ತಂಡಗಳ ಹುಡುಗರಿಗೆ ಎಸೆಯುವುದನ್ನು ಹೇಳಿಕೊಟ್ಟ. ಸಂದರ್ಶನ, ಜಾಹೀರಾತು ಅಂತ ಹೆಚ್ಚು ಕಾಣಿಸಿಕೊಳ್ಳಲಿಲ್ಲ. ಅದಕ್ಕೆ 'ನಿಗೂಢ ಮನುಷ್ಯ' ಅಂತ ಪತ್ರಿಕೆಯವರು ಹೆಸರಿಟ್ಟರು. ನಿಗೂಢ ಏನು ಬಂತು? ಕೆಲಸ ಮುಗಿಸಿ ಮನೆಗೆ ಹೋದ ಮನುಷ್ಯ.

2022ರ ಜೂನಿನಲ್ಲಿ ಡಾಡ್ಜರ್ ಸ್ಟೇಡಿಯಮ್ಮಿನಲ್ಲಿ, ಜ್ಯಾಕಿ ರಾಬಿನ್ಸನ್ ಪ್ರತಿಮೆ ಹತ್ತಿರ ಇವನದ್ದೂ ನಿಲ್ಲಿಸಿದರು. 86 ವರ್ಷದ ಕೋಫ್ಯಾಕ್ಸ್ ಬಂದು, ತನ್ನ ಬಗ್ಗೆ ಹೇಳಿಕೊಳ್ಳುವ ಬದಲು ಜೊತೆಯವರ, ಸಹಾಯ ಮಾಡಿದವರ ಹೆಸರುಗಳನ್ನು ಒಂದೊಂದಾಗಿ ಹೇಳಿ ಧನ್ಯವಾದ ಅಂದ. ಮುಂದಿನ ವರ್ಷ ಮಗನ ಮನೆಗೆ ಹೋದಾಗ ನಾನೂ ಅದನ್ನು ನೋಡಲಿಕ್ಕೆ ಹೋಗಿದ್ದೆ. ಜೊತೆಗೆ ನಾಲ್ಕು ವರ್ಷದ ಮೊಮ್ಮಗಳು. ಕಂಚಿನ ಮನುಷ್ಯನ ಕೈಯಲ್ಲಿದ್ದ ಚೆಂಡು ಮುಟ್ಟಬೇಕು, ಎತ್ತಿಕೋ ಅಜ್ಜ ಅಂದಳು. ಎಡಗೈಯಲ್ಲಿ ಎತ್ತಲಿಕ್ಕೆ ನೋಡಿದೆ, ಆಗಲಿಲ್ಲ. ಮಗ ಬಂದು ಎತ್ತಿದ. ಆದರೂ ಚೆಂಡು ಎಟುಕಲಿಲ್ಲ, ಬಹಳ ಮೇಲಿತ್ತು.

ಈ ಭಾನುವಾರ ಇದನ್ನೆಲ್ಲ ಬ್ಯಾಂಕಿನ ಗೆಳೆಯರಿಗೆ ಹೇಳಬೇಕು ಅಂತಿದ್ದೀನಿ. ಕೇಳಿಸಿಕೊಳ್ತಾರೋ ಇಲ್ಲವೋ ಗೊತ್ತಿಲ್ಲ. ಅವರಿಗೂ ಮಂಡಿ ನೋವು, ಆದರೂ ಒಂದು ಸಹಕಾರ ಸೊಸೈಟಿಯ ಲೆಕ್ಕ ಬರೆಯಲಿಕ್ಕೆ ದಿನಾ ಮೂರು ಮಹಡಿ ಹತ್ತುತ್ತಾರೆ. ಅವರಿಲ್ಲದೆ ಅಲ್ಲಿ ಆಗೋದಿಲ್ಲವಂತೆ.